ಕುರ್ಚಿ ಬಿಟ್ಟವರು ವಿಮಾನ ಹತ್ತಿದರೆ ಜನಕ್ಕೇಕೆ ಸಿಟ್ಟು?

ಪ್ರಶ್ನೆ: ಶ್ರೀಲಂಕಾದ ಗೊಟಬಯ ರಾಜಪಕ್ಸ, ಬಾಂಗ್ಲಾದೇಶದ ಶೇಖ್ ಹಸೀನಾ ಇಬ್ಬರನ್ನೂ ಜನರೇ ಬೀದಿಗಿಳಿದು 'ತೊಲಗಿ' ಎಂದು ಕೂಗಿ ಇಳಿಸಿದರು. ಅವರು ದೇಶ ಬಿಟ್ಟ ಕೂಡಲೇ 'ಹೋಗಲು ಬಿಟ್ಟವರು ಯಾರು' ಎಂದು ಅದೇ ಜನ ಕೇಳಿದರು. ಇದು ಯಾವ ತರ್ಕ? ನಮ್ಮ ದೇಶದಲ್ಲಿ ಅಧಿಕಾರ ಕಳೆದುಕೊಂಡವರನ್ನು ವಿದೇಶಕ್ಕೆ ಹೋಗದಂತೆ ತಡೆಯಬಹುದೇ? ಕೇಳುವುದಕ್ಕೆ ಕಾರಣವಿದೆ. ನನ್ನ ಅಳಿಯ ಕುವೈತ್‌ನಲ್ಲಿ ಕೆಲಸಕ್ಕಿದ್ದಾನೆ. ರಜೆಗೆ ಬಂದವನ ಪಾಸ್‌ಪೋರ್ಟ್ ನವೀಕರಣ, ಜಾಗದ ತಕರಾರಿನಲ್ಲಿ ನಡೆದ ಹಳೆಯ ಹೊಡೆದಾಟದ ಕೇಸಿನಿಂದ ನಿಂತುಹೋಗಿದೆ. ದೊಡ್ಡವರಿಗೆ ವಿಮಾನ, ನಮ್ಮ ಮಕ್ಕಳಿಗೆ ಕೋರ್ಟಿನ ಮೆಟ್ಟಿಲೇ? (ಉಡುಪಿಯ ಓದುಗರೊಬ್ಬರು)

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ನಮಗೆ ಮುಚ್ಚಿದ ಬಾಗಿಲು ಅವನಿಗೆ ಮಾತ್ರ ಹೇಗೆ ತೆರೆಯಿತು ಎಂಬ ಸಂಕಟವೇ ಜನರನ್ನು ಕೆರಳಿಸುವುದು. 'ತೊಲಗು' ಎನ್ನುವುದೂ 'ಹೋಗಗೊಡಬೇಡಿ' ಎನ್ನುವುದೂ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ಆದರೆ ನಮ್ಮ ಜಿಲ್ಲೆಗಳ ಯಾವುದೇ ಸಹಕಾರಿ ಸಂಘದ ಮಹಾಸಭೆ ನೋಡಿದವರಿಗೆ ಇದರಲ್ಲಿ ಗೊಂದಲವಾಗದು. ಸದಸ್ಯರು ಅಧ್ಯಕ್ಷರನ್ನು ಕೈಯೆತ್ತಿ ಇಳಿಸುತ್ತಾರೆ. ಇಳಿದ ಅಧ್ಯಕ್ಷರು ಲೆಕ್ಕಪತ್ರ ಒಪ್ಪಿಸದೆ ರಾತ್ರಿಯ ಮುಂಬೈ ಬಸ್ಸು ಹತ್ತಿದರೆಂದು ತಿಳಿದರೆ ಅದೇ ಸದಸ್ಯರು ಬಸ್ಸಿನ ಹಿಂದೆ ಓಡುತ್ತಾರೆ. ಕುರ್ಚಿ ಬಿಡು ಎಂದದ್ದು ಬೇರೆ, ಲೆಕ್ಕ ಕೊಡು ಎಂದದ್ದು ಬೇರೆ. ಎರಡನೆಯದು ಬಾಕಿ ಇರುವಷ್ಟು ಕಾಲ ಮೊದಲನೆಯದು ಈಡೇರಿದ ಸಂತೋಷ ಉಳಿಯುವುದಿಲ್ಲ.

2022ರ ಜುಲೈ 9ರಂದು ಕೊಲಂಬೊದಲ್ಲಿ ಜನ ಅಧ್ಯಕ್ಷರ ಭವನಕ್ಕೆ ನುಗ್ಗಿ ಈಜುಕೊಳಕ್ಕೆ ಹಾರಿದ ಚಿತ್ರಗಳು ಎಲ್ಲರಿಗೂ ನೆನಪಿವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಮೂರು ದಿನಗಳ ಬಳಿಕ ವಿಮಾನ ನಿಲ್ದಾಣದಲ್ಲಿ ನಡೆದ ಸಂಗತಿ. ಅಧ್ಯಕ್ಷರ ತಮ್ಮ, ಮಾಜಿ ಹಣಕಾಸು ಸಚಿವ ಬೆಸಿಲ್ ರಾಜಪಕ್ಸ ಗಣ್ಯರ ದ್ವಾರದಿಂದ ಹೊರಡಲು ಬಂದಾಗ ವಲಸೆ ವಿಭಾಗದ ಸಿಬ್ಬಂದಿ ಅಲ್ಲಿ ಕೆಲಸ ಮಾಡಲು ಒಪ್ಪಲಿಲ್ಲ. ಸಹಪ್ರಯಾಣಿಕರೂ ದನಿ ಎತ್ತಿದರು. ಅವರು ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು. ಯಾವ ನ್ಯಾಯಾಲಯವೂ ಆಗಿನ್ನೂ ಅವರನ್ನು ತಡೆದಿರಲಿಲ್ಲ. ಹೊರಹೋಗದಂತೆ ಸುಪ್ರೀಂ ಕೋರ್ಟಿನ ಆದೇಶ ಬಂದದ್ದು ಜುಲೈ 15ರಂದು. ಅಂದರೆ ಕಾನೂನಿಗಿಂತ ಮೊದಲು, ದಿನವೂ ಸಾಮಾನ್ಯ ಪ್ರಯಾಣಿಕರ ಪುಟಗಳ ಮೇಲೆ ಮೊಹರು ಒತ್ತುವ ಗುಮಾಸ್ತರೇ ತೀರ್ಪು ಕೊಟ್ಟುಬಿಟ್ಟಿದ್ದರು. ಒಬ್ಬ ಕಾನೂನು ಬೋಧಕನಾಗಿ ಇದನ್ನು ಸರಿ ಎನ್ನಲಾರೆ. ಆದರೆ ಅವರ ಜಾಗದಲ್ಲಿ ನಿಂತು ಯೋಚಿಸಿದರೆ ತಪ್ಪು ಎನ್ನಲೂ ನಾಲಿಗೆ ಏಳುವುದಿಲ್ಲ.

ಗೊಟಬಯ ಹೊರಟದ್ದು ಜುಲೈ 13ರ ನಸುಕಿನಲ್ಲಿ, ವಾಯುಪಡೆಯ ಆಂಟೊನೊವ್ ವಿಮಾನದಲ್ಲಿ, ಮಾಲ್ದೀವ್ಸ್‌ಗೆ. ಇಲ್ಲಿ ಬಹಳಷ್ಟು ಜನ ಗಮನಿಸದ ಒಂದು ಅಂಶವಿದೆ. ಹೊರಟಾಗ ಅವರಿನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಅಧ್ಯಕ್ಷ ಪದವಿಯಲ್ಲಿ ಇರುವವರೆಗೆ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆ ಅಲ್ಲಿನ ಸಂವಿಧಾನದಲ್ಲಿದೆ. ಮೊದಲು ರಾಜೀನಾಮೆ ಕೊಟ್ಟು ಆಮೇಲೆ ಹೊರಟಿದ್ದರೆ ಆ ರಕ್ಷಣೆಯೂ ಇರುತ್ತಿರಲಿಲ್ಲ, ವಾಯುಪಡೆಯ ವಿಮಾನವೂ ಸಿಗುತ್ತಿರಲಿಲ್ಲ. ಮರುದಿನ ಸಿಂಗಪುರ ತಲುಪಿದ ಮೇಲೆ ಸಂಸತ್ತಿನ ಸ್ಪೀಕರ್‌ಗೆ ಇಮೇಲ್‌ನಲ್ಲಿ ರಾಜೀನಾಮೆ ಬಂತು. ಜನರ ಹಣದ ವಿಮಾನ, ಜನರೇ ಕೊಟ್ಟ ಪದವಿಯ ರಕ್ಷಣೆ, ಎರಡನ್ನೂ ಜನರಿಂದ ತಪ್ಪಿಸಿಕೊಳ್ಳಲು ಬಳಸಿದ್ದು ಎಲ್ಲರಿಗೂ ಕಣ್ಣಿಗೆ ಹೊಡೆದಂತೆ ಕಂಡಿತು. ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಲ್ಲಿ ದುಡಿಯುತ್ತಿದ್ದ ಶ್ರೀಲಂಕನ್ನರೂ ಅಲ್ಲಿನ ಬೀದಿಯಲ್ಲಿ ಪ್ರತಿಭಟಿಸಿದರು. ಇದು ಖಾಸಗಿ ಭೇಟಿ, ಅವರು ಆಶ್ರಯ ಕೇಳಿಯೂ ಇಲ್ಲ, ನಾವು ಕೊಟ್ಟೂ ಇಲ್ಲ ಎಂದು ಸಿಂಗಪುರ ಹೇಳಿಕೆ ಕೊಟ್ಟಿತು. ಆಗಸ್ಟ್‌ನಲ್ಲಿ ಥಾಯ್ಲೆಂಡ್‌ಗೆ ಹೋದಾಗ, ಇಲ್ಲಿ ರಾಜಕೀಯ ಚಟುವಟಿಕೆ ಕೂಡದು ಎಂಬ ಷರತ್ತು.

ಸೆಪ್ಟೆಂಬರ್ 2ರಂದು ಅವರು ಮರಳಿ ಬಂದರು. ಹೂವು ಹಿಡಿದು ನಿಂತವರು ಸ್ವಂತ ಪಕ್ಷದವರು. ಓಡಿಹೋದಾಗ ಎದ್ದಷ್ಟು ಅಲೆ ಬಂದಾಗ ಏಳಲಿಲ್ಲ. ಅಷ್ಟರಲ್ಲಿ ಪ್ರತಿಭಟನಕಾರರು ಬೀಡುಬಿಟ್ಟಿದ್ದ ಕೊಲಂಬೊದ ಗಾಲ್ ಫೇಸ್ ಮೈದಾನವನ್ನು ಸೇನೆ ತೆರವು ಮಾಡಿಸಿತ್ತು, ಹೊಸ ಅಧ್ಯಕ್ಷರು ಕುಳಿತಿದ್ದರು. ಆದರೆ ಇನ್ನೊಂದು ಕಾರಣವೂ ಇದೆ ಎಂದು ನನಗನ್ನಿಸುತ್ತದೆ: ಕೈಗೆ ಸಿಗುವಷ್ಟು ಹತ್ತಿರದಲ್ಲಿರುವವನ ಮೇಲಿನ ಸಿಟ್ಟಿಗೆ ನ್ಯಾಯಾಲಯವೆಂಬ ದಾರಿ ಇದೆ. 2023ರ ನವೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆರ್ಥಿಕ ಕುಸಿತಕ್ಕೆ ರಾಜಪಕ್ಸ ಸಹೋದರರೂ ಹೊಣೆಗಾರರು, ಅವರು ಜನರ ವಿಶ್ವಾಸ ಮುರಿದರು ಎಂದು ಹೇಳಿತು. ದಂಡವೆಂದು ವಿಧಿಸಿದ್ದು ಅರ್ಜಿದಾರರ ಖರ್ಚು ಮಾತ್ರ. ಅಷ್ಟಾದರೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬಿತ್ತು.

ಹಸೀನಾ ಪ್ರಕರಣದಲ್ಲಿ ಆ ಸಾಲು ಬೀಳುವುದೇ ಕಷ್ಟವಾಗಿದೆ. ಹಾಗಾಗಿ ಅಲ್ಲಿನ ಸಿಟ್ಟು ವಿಳಾಸ ಬದಲಿಸಿತು. 2024ರ ಆಗಸ್ಟ್ 5ರಂದು ಅವರು ಇಳಿದದ್ದು ದೆಹಲಿ ಪಕ್ಕದ ಹಿಂಡನ್ ವಾಯುನೆಲೆಯಲ್ಲಿ. ಆ ದಿನ ಢಾಕಾದ ಬೀದಿಯಲ್ಲಿ ಸಂಭ್ರಮವಿತ್ತು. ದಿನ ಕಳೆದಂತೆ ಪ್ರಶ್ನೆ ಅವರಿಂದ ಭಾರತದ ಕಡೆಗೆ ಹೊರಳಿತು: ಇಟ್ಟುಕೊಂಡಿರುವವರು ಯಾರು, ಏಕೆ? 2013ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಹಸ್ತಾಂತರ ಒಪ್ಪಂದದ ಅಡಿ 2024ರ ಡಿಸೆಂಬರ್‌ನಲ್ಲಿ ಢಾಕಾ ಅವರನ್ನು ಒಪ್ಪಿಸುವಂತೆ ಕೇಳಿತು. 2025ರ ನವೆಂಬರ್ 17ರಂದು ಅಲ್ಲಿನ ಅಂತರರಾಷ್ಟ್ರೀಯ ಅಪರಾಧಗಳ ನ್ಯಾಯಮಂಡಳಿ ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. ಒಪ್ಪಂದದಲ್ಲಿ ರಾಜಕೀಯ ಸ್ವರೂಪದ ಅಪರಾಧಕ್ಕೆ ವಿನಾಯಿತಿ ಇದೆ, ಆದರೆ ಕೊಲೆಯಂಥವನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದ್ದಾರೆ. ಸದುದ್ದೇಶದಿಂದ ಹೊರಿಸಿದ ಆರೋಪವಲ್ಲ ಎನಿಸಿದರೆ ನಿರಾಕರಿಸಲೂ ಅವಕಾಶವಿದೆ. ಯಾವ ಕಡೆಗೆ ಬೇಕಾದರೂ ಓದಬಹುದಾದ ಕಾಗದ. ಇಂಥ ಕಾಗದವನ್ನು ವಕೀಲರಿಗಿಂತ ಹೆಚ್ಚಾಗಿ ವಿದೇಶಾಂಗ ಇಲಾಖೆಗಳೇ ಓದುವುದು.

ಸಿಟ್ಟು ಆತಿಥೇಯರ ಮೇಲೆ ತಿರುಗಿದಾಗ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇರಾನಿಗಿಂತ ದೊಡ್ಡ ಉದಾಹರಣೆಯಿಲ್ಲ. 1979ರ ಜನವರಿ 16ರಂದು ದೇಶ ಬಿಟ್ಟ ಷಾ ಮಹಮ್ಮದ್ ರೆಜಾ ಪಹ್ಲವಿ ಈಜಿಪ್ಟ್, ಮೊರಾಕೊ, ಬಹಾಮಾಸ್, ಮೆಕ್ಸಿಕೊ ಎಂದು ಅಲೆದರು. ಆಗೆಲ್ಲ ಟೆಹರಾನ್ ಗೊಣಗಿತು, ಅಷ್ಟೆ. ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ಅಮೆರಿಕ ಒಳಗೆ ಬಿಟ್ಟುಕೊಂಡ ಎರಡೇ ವಾರಗಳಲ್ಲಿ, ನವೆಂಬರ್ 4ರಂದು, ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು. 52 ಮಂದಿ 444 ದಿನ ಒತ್ತೆಯಾಳಾದರು. ಸಾಯುತ್ತಿರುವ ರೋಗಿಯೊಬ್ಬ ಆಸ್ಪತ್ರೆಗೆ ಹೋದದ್ದಕ್ಕೆ ಇಷ್ಟೊಂದೇ ಎಂದು ಇಂದು ಓದುವವರು ಕೇಳುತ್ತಾರೆ. ಇರಾನಿಯನ್ನರು ನೆನೆಸಿಕೊಂಡದ್ದು 1953ನ್ನು. ಆ ವರ್ಷದ ಆಗಸ್ಟ್‌ನಲ್ಲಿಯೂ ಷಾ ಬಾಗ್ದಾದ್ ಮಾರ್ಗವಾಗಿ ರೋಮ್‌ಗೆ ಓಡಿದ್ದರು. ಅಮೆರಿಕ, ಬ್ರಿಟನ್‌ಗಳ ಬೆಂಬಲದ ಕ್ಷಿಪ್ರಕ್ರಾಂತಿಯಲ್ಲಿ ಪ್ರಧಾನಿ ಮೊಸಾದೆಗ್ ಉರುಳಿದರು, ಷಾ ಒಂದು ವಾರದೊಳಗೆ ಸಿಂಹಾಸನಕ್ಕೆ ಮರಳಿದರು. ಒಮ್ಮೆ ಹೋದವನು ಹಾಗೆ ಬಂದದ್ದನ್ನು ಕಂಡ ಜನಕ್ಕೆ ಎರಡನೆಯ ಪ್ರಯಾಣ ಕೇವಲ ಚಿಕಿತ್ಸೆಯಾಗಿ ಕಾಣಲು ಸಾಧ್ಯವೇ ಇರಲಿಲ್ಲ. ದೇಶ ಬಿಟ್ಟ ನಾಯಕನ ಬಗ್ಗೆ ಜನ ಅತಿಯಾಗಿ ಕೆರಳಿದಾಗಲೆಲ್ಲ ಹಿಂದೆ ಇಂಥದೊಂದು ಮರಳುವಿಕೆಯ ನೆನಪಿದೆಯೇ ಎಂದು ನೋಡಬೇಕು.

ಚಿಕಿತ್ಸೆಯ ಮಾತು ಬಂತು. ಉಪಖಂಡದ ಮಾಜಿ ಆಳುವವರ ಆರೋಗ್ಯ ಅಧಿಕಾರ ಹೋದ ಮೇಲೆ ಸ್ವದೇಶದ ವೈದ್ಯರ ಕೈಗೆ ಸಿಗುವುದೇ ಇಲ್ಲ. ಪಾಕಿಸ್ತಾನದ ಮುಷರಫ್ ಬೆನ್ನುಮೂಳೆಯ ಚಿಕಿತ್ಸೆಗೆಂದು 2016ರ ಮಾರ್ಚ್‌ನಲ್ಲಿ ದುಬೈಗೆ ಹೋದವರು ಮರಳಲಿಲ್ಲ, 2023ರಲ್ಲಿ ಅಲ್ಲೇ ತೀರಿಕೊಂಡರು. ನವಾಜ್ ಷರೀಫ್‌ಗೆ 2019ರ ನವೆಂಬರ್‌ನಲ್ಲಿ ಲಾಹೋರ್ ಹೈಕೋರ್ಟು ಕೊಟ್ಟದ್ದು ನಾಲ್ಕು ವಾರಗಳ ಅನುಮತಿ. ಲಂಡನ್‌ನಿಂದ ಅವರು ಮರಳಿದ್ದು 2023ರ ಅಕ್ಟೋಬರ್‌ನಲ್ಲಿ. ಮಾಲ್ದೀವ್ಸ್‌ನ ನಶೀದ್ ಕೂಡ 13 ವರ್ಷಗಳ ಜೈಲು ಶಿಕ್ಷೆಯ ನಡುವೆ 2016ರಲ್ಲಿ ಬ್ರಿಟನ್‌ಗೆ ಹೋದದ್ದು ಬೆನ್ನುಮೂಳೆಗೇ, ಅಲ್ಲಿ ಆಶ್ರಯ ಪಡೆದು 2018ರಲ್ಲಿ ಬಂದರು. ಮೂವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ನಶೀದ್ ವಿಚಾರಣೆ ನಡೆದ ರೀತಿಯನ್ನು ಹೊರಜಗತ್ತೂ ಖಂಡಿಸಿತ್ತು. ಆದರೆ ಊರಿನ ಜನ ತಕ್ಕಡಿ ಹಿಡಿಯುವುದು ಹಾಗಲ್ಲ. ತಮ್ಮವನು ಹೋದರೆ ಪಾಪ, ಕಾಯಿಲೆ. ಎದುರು ಪಕ್ಷದವನು ಹೋದರೆ ನಾಟಕ.

ಇದೆಲ್ಲ ಹೊರಗಿನ ಕಥೆ ಎಂದುಕೊಳ್ಳಬೇಡಿ. ಪದಚ್ಯುತನಾಗಿ ಸಮುದ್ರ ದಾಟಿದ ದೊರೆಯೊಬ್ಬ ನಮ್ಮ ಘಟ್ಟದ ಮೇಲೆಯೇ ಇದ್ದ. ಕೊಡಗಿನ ಚಿಕ್ಕವೀರ ರಾಜೇಂದ್ರನನ್ನು 1834ರಲ್ಲಿ ಕಂಪನಿ ಸರಕಾರ ಇಳಿಸಿ ಕಾಶಿಗೆ ಕಳುಹಿಸಿತು. ಕ್ರೂರಿ ಎಂಬ ಹೆಸರು ಹೊತ್ತಿದ್ದ ಅರಸ. ಅವನು ಹೋದನೆಂದು ಊರು ಹಾಲು ಕುಡಿದಂತೆ ನೆಮ್ಮದಿಯಾಗಿರಬೇಕಿತ್ತು. ಆದದ್ದು ಬೇರೆ. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು, ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ಮೂರು ವರ್ಷಗಳಲ್ಲಿ, 1837ರಲ್ಲಿ, ಕೊಡಗಿನ ರಾಜವಂಶದ ಹೆಸರಿನಲ್ಲೇ ರೈತರು ಎದ್ದರು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿತು. ಬಾವುಟಗುಡ್ಡೆಯಲ್ಲಿ ಅವರ ಬಾವುಟ ಸುಮಾರು ಎರಡು ವಾರ ಹಾರಿತು. ಇಂದು ಅಲ್ಲಿ ಆ ಬಂಡಾಯದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯಿದೆ. ಜಿಲ್ಲೆಯ ಹಿರಿಯರು ಬಂಡಾಯದ ನಾಯಕನ ಹೆಸರಿನಲ್ಲಿ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಕಲ್ಯಾಣಪ್ಪನ ದಂಗೆ, ಎಂದು ಹೇಳುತ್ತಿದ್ದದ್ದು ಇದನ್ನೇ. ಇಳಿದವನ ದೋಷ ಮಾಸುವುದಕ್ಕೆ ಏರಿದವನ ತೆರಿಗೆ ಸಾಕು. ಎಷ್ಟೋ ದೇಶಗಳಲ್ಲಿ ಓಡಿಸಿದ ನಾಯಕನ ಚಿತ್ರ ಕೆಲವೇ ವರ್ಷಗಳಲ್ಲಿ ಮತ್ತೆ ಗೋಡೆಗೇರುವುದಕ್ಕೆ ಕಾರಣ ಇದೇ.

ದೊರೆ ಮಾತ್ರ ಆ ಹೊತ್ತಿಗೆ ಕಾಶಿಯಲ್ಲಿದ್ದ. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್‌ಗೆ ಹೋದ. ಮಗಳು ಕ್ರೈಸ್ತ ದೀಕ್ಷೆ ಪಡೆದಳು, ವಿಕ್ಟೋರಿಯಾ ರಾಣಿ ಧರ್ಮಮಾತೆಯಾದಳು. ಅರಸ ಅಲ್ಲಿ ಮಾಡಿದ ಕೆಲಸವೆಂದರೆ ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಲಂಡನ್ನಿನ ನ್ಯಾಯಾಲಯದಲ್ಲೇ ದಾವೆ ಹೂಡಿದ್ದು. 1859ರಲ್ಲಿ ಅಲ್ಲೇ ಸತ್ತ. ಪ್ರಜೆಗಳಿಗೆ ಲೆಕ್ಕ ಕೊಡದವನು ತನ್ನ ಲೆಕ್ಕ ಕೇಳಲು ಹೋದ ಪ್ರಯಾಣ ಅದು.

ಇನ್ನು ಸ್ವತಂತ್ರ ಭಾರತ. 1977ರಲ್ಲಿ ಸೋತ ಇಂದಿರಾ ಗಾಂಧಿ 1978ರ ನವೆಂಬರ್ ಮೊದಲ ವಾರ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಈಗ ಉಡುಪಿಯ ಜತೆ ಒಂದೇ ಲೋಕಸಭಾ ಕ್ಷೇತ್ರವಾಗಿರುವ ಚಿಕ್ಕಮಗಳೂರು ಆಗ ದೇಶದ ಬಾಯಲ್ಲಿತ್ತು. ಗೆದ್ದ ಕೆಲವೇ ದಿನಗಳಲ್ಲಿ ಅವರು ಹೋದದ್ದು ಲಂಡನ್‌ಗೆ. ಅಲ್ಲಿ ಭಾರತೀಯರಲ್ಲಿ ಸ್ವಾಗತಿಸುವವರೂ ಇದ್ದರು, ತುರ್ತು ಪರಿಸ್ಥಿತಿಯನ್ನು ನೆನಪಿಸಿ ಧಿಕ್ಕರಿಸುವವರೂ ಇದ್ದರು. ಆದರೆ 'ಓಡಿಹೋದರು' ಎಂಬ ಕೂಗು ಇಲ್ಲಿ ಏಳಲಿಲ್ಲ. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಿಸಿದ್ದ ಶಾ ಆಯೋಗ ಆಗಲೇ ವಿಚಾರಣೆ ನಡೆಸಿ ವರದಿ ಕೊಟ್ಟಿತ್ತು, ಸಂಸತ್ತು ಕಾದು ಕುಳಿತಿತ್ತು. ಅವರು ಹಿಂದಿರುಗಿದರು, ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿತು, ಕೆಲವು ದಿನ ತಿಹಾರ್ ಜೈಲಿನಲ್ಲಿದ್ದರು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿ. ಮರಳುತ್ತಾರೆ ಎಂಬ ನಂಬಿಕೆ, ಮರಳಿದರೆ ಕೇಳುವ ವೇದಿಕೆ, ಇವೆರಡೂ ಇದ್ದಲ್ಲಿ ವಿದೇಶ ಪ್ರಯಾಣ ಬರೀ ಪ್ರಯಾಣವಾಗಿಯೇ ಉಳಿಯುತ್ತದೆ.

ಹತ್ತಿರದ್ದೇ ಬೇಕೆಂದರೆ 2021ರ ಜುಲೈ 26ರಂದು ಕಣ್ಣೀರಿಡುತ್ತಾ ರಾಜೀನಾಮೆ ಕೊಟ್ಟ ಬಿ.ಎಸ್. ಯಡಿಯೂರಪ್ಪನವರು ಮುಂದಿನ ತಿಂಗಳೇ ಮನೆಮಂದಿಯೊಂದಿಗೆ ಮಾಲ್ದೀವ್ಸ್‌ಗೆ ಹೋಗಿ ಬಂದರು. ಮುಂದಿನ ವರ್ಷ ಗೊಟಬಯ ಮೊದಲು ಕಾಲಿಟ್ಟದ್ದೂ ಅದೇ ದ್ವೀಪಗಳಿಗೆ. ಇಲ್ಲಿ ಯಾರೂ ವಿಮಾನ ನಿಲ್ದಾಣಕ್ಕೆ ಮುತ್ತಿಗೆ ಹಾಕಲಿಲ್ಲ.

ಈಗ ಕಾನೂನು. ಭಾರತದಲ್ಲಿ ಅಧಿಕಾರ ಕಳೆದುಕೊಂಡದ್ದಕ್ಕಾಗಿ ಯಾರನ್ನೂ ಗಡಿಯಲ್ಲಿ ತಡೆಯುವಂತಿಲ್ಲ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 1967ರ ಸತ್ವಂತ್ ಸಿಂಗ್ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತು ಹೇಳಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯಿದೆ ಬಂತು. ಹತ್ತು ವರ್ಷಗಳ ನಂತರ ಜನತಾ ಸರಕಾರ ಇಂದಿರಾ ಅವರ ಸೊಸೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂಬ ಎರಡು ಮಾತಿನಲ್ಲಿ ಕಸಿದುಕೊಂಡಿತು, ಕಾರಣ ಕೇಳಿದರೆ ಹೇಳಲಿಲ್ಲ. ವಿಚಾರಣಾ ಆಯೋಗದ ಮುಂದೆ ಅವರ ಅಗತ್ಯ ಬೀಳಬಹುದು ಎಂದು ಬಾಯಿ ಬಿಟ್ಟದ್ದು ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ. 1978ರ ಜನವರಿ 25ರ ತೀರ್ಪು ಪ್ರಸಿದ್ಧ: ಸ್ವಾತಂತ್ರ್ಯ ಕಸಿಯುವ ವಿಧಾನ ನ್ಯಾಯಯುತವಾಗಿರಬೇಕು, ಬಾಧಿತರ ಮಾತು ಕೇಳಬೇಕು. ಸೊಸೆಯ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡ ಅದೇ ಸರಕಾರ ಮರುವರ್ಷ ಅತ್ತೆಯನ್ನು ಲಂಡನ್‌ಗೆ ಹೋಗಲು ಬಿಟ್ಟಿತು ಎಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ.

ಹಾಗಾದರೆ ಯಾವಾಗ ತಡೆಯಬಹುದು? ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೊಟ್ಟದ್ದನ್ನು ಮುಟ್ಟುಗೋಲು ಹಾಕಬಹುದು. ಜಾಮೀನಿನ ಷರತ್ತಾಗಿ ನ್ಯಾಯಾಲಯ ದೇಶ ಬಿಡದಂತೆ ಆದೇಶಿಸಬಹುದು. ತನಿಖಾ ಸಂಸ್ಥೆ ಲುಕ್‌ಔಟ್ ಸುತ್ತೋಲೆ ಹೊರಡಿಸಿ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಬಹುದು. ಈ ಕೊನೆಯದು ಸಂಸತ್ತು ಮಾಡಿದ ಕಾನೂನಲ್ಲ, ಗೃಹ ಸಚಿವಾಲಯದ ಆಡಳಿತ ಸೂಚನೆ. ಸಾರ್ವಜನಿಕ ವಲಯದ ಬ್ಯಾಂಕ್‌ಗಳ ಮುಖ್ಯಸ್ಥರಿಗೂ ಅದನ್ನು ಕೋರುವ ಅಧಿಕಾರ ಕೊಟ್ಟಿದ್ದನ್ನು ಬಾಂಬೆ ಹೈಕೋರ್ಟು 2024ರಲ್ಲಿ ಹೊಡೆದುಹಾಕಿತು. ಪೊಲೀಸರು ಪಾಸ್‌ಪೋರ್ಟನ್ನು ವಶಪಡಿಸಿಕೊಳ್ಳಬಹುದೇ ಹೊರತು ಮುಟ್ಟುಗೋಲು ಹಾಕುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟಪಡಿಸಿದೆ.

ಕಾಗದದ ಮೇಲೆ ಈ ನಿಯಮಗಳು ಮಾಜಿ ಮಂತ್ರಿಗೂ ನಿಮ್ಮ ಅಳಿಯನಿಗೂ ಒಂದೇ. ವ್ಯತ್ಯಾಸವಾಗುವುದು ಹೊತ್ತಿನಲ್ಲಿ. ಅಧಿಕಾರದ ಹತ್ತಿರ ಇದ್ದವನಿಗೆ ಪ್ರಕರಣ ದಾಖಲಾಗುವ ಮೊದಲೇ ಗಾಳಿ ತಿಳಿದಿರುತ್ತದೆ. 2024ರ ಏಪ್ರಿಲ್‌ನಲ್ಲಿ ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಗೆ ಹೊರಟಾಗ ಲುಕ್‌ಔಟ್ ಸುತ್ತೋಲೆ ಇನ್ನೂ ಬಂದಿರಲಿಲ್ಲ. ಅವರು ಪದಚ್ಯುತರ ಸಾಲಿಗೆ ಸೇರುವವರಲ್ಲ, ಆದರೆ ನಿಮ್ಮ ಮನಸ್ಸಿನಲ್ಲಿರುವ ಕಹಿಗೆ ಅದೂ ಕಾರಣವಿರಬಹುದು. ಆ ಕಹಿ ಅಕಾರಣವಲ್ಲ. ಹಾಗೆಂದು ಜನ ಸಿಟ್ಟಾಗಿದ್ದಾರೆ ಎಂಬ ಒಂದೇ ಆಧಾರದ ಮೇಲೆ ಗಡಿ ಮುಚ್ಚುವ ಅಧಿಕಾರವನ್ನು ಸರಕಾರಕ್ಕೆ ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಅದು ನಾಳೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸಾಲು ನಿಂತ ಯಾರ ಮೇಲೆ ಬೇಕಾದರೂ ಬೀಳಬಹುದು.

ಅಳಿಯನ ವಿಷಯಕ್ಕೆ ಬನ್ನಿ. ಮೊದಲು ಪ್ರಕರಣ ಯಾವ ಹಂತದಲ್ಲಿದೆ ಎಂದು ನೋಡಿ. ಬರೀ ಎಫ್‌ಐಆರ್ ದಾಖಲಾಗಿ ನ್ಯಾಯಾಲಯ ಇನ್ನೂ ಅದನ್ನು ವಿಚಾರಣೆಗೆ ಅಂಗೀಕರಿಸದಿದ್ದರೆ ಅದು 'ಬಾಕಿ ಇರುವ ಪ್ರಕರಣ'ವಲ್ಲ. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್‌ನ ಸೂಚನೆಯಲ್ಲಿ ಹಾಗೆಂದಿದೆ, ಅದನ್ನು ಲಿಖಿತವಾಗಿ ಉಲ್ಲೇಖಿಸಿ ಉತ್ತರ ಕೊಡಿ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ವಿಚಾರಣೆ ನಡೆಯುತ್ತಿದ್ದರೆ ನ್ಯಾಯಾಲಯ ಅನುಮತಿ ಕೊಟ್ಟರೆ ಪ್ರಕರಣ ಬಾಕಿ ಇದ್ದವರಿಗೂ ಪಾಸ್‌ಪೋರ್ಟ್ ಕೊಡಬಹುದು ಎನ್ನುವ 1993ರ ಆಗಸ್ಟ್ 25ರ ಅಧಿಸೂಚನೆ ನಿಮಗೆ ದಾರಿ. ಪ್ರಕರಣ ಇರುವ ನ್ಯಾಯಾಲಯದಲ್ಲಿಯೇ ವಕೀಲರ ಮೂಲಕ ಅರ್ಜಿ ಹಾಕಿ, ಕೆಲಸದ ಕರಾರು ಮತ್ತು ವೀಸಾದ ಪ್ರತಿ ಲಗತ್ತಿಸಿ, ಖುದ್ದು ಹಾಜರಾತಿಯಿಂದ ವಿನಾಯಿತಿಯನ್ನೂ ಜತೆಗೇ ಕೇಳಿ. ಎಷ್ಟು ವರ್ಷಗಳಿಗೆ ಪಾಸ್‌ಪೋರ್ಟ್ ಬೇಕೆಂದು ಆದೇಶದಲ್ಲಿ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಅವಧಿ ನಮೂದಾಗದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್ ಸಿಗುತ್ತದೆ, ಮುಂದಿನ ವರ್ಷ ಮತ್ತೆ ಇದೇ ಓಡಾಟ. ಏಜೆಂಟ್ ಯಾರಾದರೂ 'ಅರ್ಜಿಯಲ್ಲಿ ಕೇಸು ತೋರಿಸುವುದು ಬೇಡ' ಎಂದರೆ ಕೇಳಬೇಡಿ. ಮಾಹಿತಿ ಮುಚ್ಚಿಡುವುದು ಕಾಯಿದೆಯ 12ನೇ ಕಲಮಿನಡಿ ಎರಡು ವರ್ಷಗಳವರೆಗೆ ಶಿಕ್ಷೆ ಇರುವ ಬೇರೆಯೇ ಅಪರಾಧ. ಜಾಗದ ತಕರಾರಿನ ಸಣ್ಣ ಹೊಡೆದಾಟವಾಗಿದ್ದು ಎದುರು ಪಕ್ಷದವರು ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಪ್ರಕರಣವೇ ಮುಗಿಯಬಹುದು. ಕುವೈತ್‌ನಿಂದ ಆರು ತಿಂಗಳು ಮೀರಿ ಹೊರಗಿದ್ದರೆ ಸಾಮಾನ್ಯವಾಗಿ ಅಲ್ಲಿನ ವಾಸದ ಪರವಾನಗಿ ರದ್ದಾಗುತ್ತದೆ, ಆದ್ದರಿಂದ ರಾಜಿಯ ಮಾತುಕತೆ ಒಂದು ಕಡೆ ನಡೆಯಲಿ, ಅರ್ಜಿ ಈ ವಾರವೇ ಹೋಗಲಿ.